ಹೊಸ ಮೀನಿಗೆ ಪ್ರತ್ಯೇಕವಾಸ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಅಪ್ಪಟ ಬಯಲುಸೀಮೆ. ಇಲ್ಲಿಯವರು ಸಮುದ್ರವನ್ನು ಕಾಣಬೇಕಾದರೆ ಪಶ್ಚಿಮಘಟ್ಟಗಳನ್ನು ಇಳಿದು ಹೋಗಬೇಕು. ಆದರೂ ಸಮುದ್ರದ ಒಂದು ಸಣ್ಣ ತುಣುಕನ್ನು ಇಲ್ಲಿಯ ಮನೆಯಲ್ಲಿಯೋ ಕಾಲೇಜಿನ ಪ್ರಯೋಗಶಾಲೆಯಲ್ಲಿಯೋ ನಿರ್ಮಿಸಿಕೊಳ್ಳುವುದು ಅಸಾಧ್ಯವೇನಲ್ಲ. ಗಾಜಿನ ತೊಟ್ಟಿಯ ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಸಮುದ್ರಲವಣಗಳ ಮಿಶ್ರಣವನ್ನು ಕರಗಿಸಿದರೆ ಸಮುದ್ರದ ನೀರಿಗೆ ಸಮೀಪವಾದ ದ್ರಾವಣ ದೊರೆಯುತ್ತದೆ. ಬರಿಯ ಅಡಿಗೆಯ ಉಪ್ಪು ಇದಕ್ಕೆ ಸಾಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವುಗಳ ಲವಣಗಳೂ ಬೇಕು. ಇಂತಹ ನೀರಿನಲ್ಲಿ ಹವಳದ ದಿಬ್ಬಗಳ ಬಣ್ಣದ ಮೀನುಗಳನ್ನು ಸಾಕಬಹುದು.

ಈಗ ಅಂಗಡಿಯಿಂದ ಒಂದು ಹೊಸ ಮೀನು ಬಂದಿತೆಂದು ಇಟ್ಟುಕೊಳ್ಳೋಣ. ಅದನ್ನು ಎಲ್ಲಿ ಬಿಡಬೇಕು? ಹಳೆಯ ಮೀನುಗಳಿರುವ ತೊಟ್ಟಿಯಲ್ಲಿಯೇ ಬಿಡುವುದು ಸಹಜವಾದ ಆಸೆ. ಆದರೆ ಹಾಗೆ ಮಾಡಬಾರದು. ಕೆಲವು ವಾರಗಳ ಕಾಲ ಅದನ್ನು ಬೇರೊಂದು ತೊಟ್ಟಿಯಲ್ಲಿ ಇಡಬೇಕು ಎಂದು ತಿಳಿದವರು ಹೇಳುತ್ತಾರೆ. ಈ ನಿಯಮ ಬರಿಯ ಅನುಮಾನದಿಂದ ಹುಟ್ಟಿದ್ದಲ್ಲ. ಇದರ ಹಿಂದೆ ಒಂದು ಖಚಿತವಾದ ಲೆಕ್ಕವಿದೆ. ಆ ಲೆಕ್ಕವನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಕಡಲಮೀನುಗಳನ್ನು ಕಾಡುವ ರೋಗಗಳಲ್ಲಿ ‘ಬಿಳಿಚುಕ್ಕೆ ರೋಗ’ ಮುಖ್ಯವಾದುದು. ಕ್ರಿಪ್ಟೋಕೇರಿಯಾನ್ ಎಂಬ ಏಕಕೋಶಜೀವಿ ಇದಕ್ಕೆ ಕಾರಣ. ಇದು ಮೀನಿನ ಚರ್ಮವನ್ನೂ ಕಿವಿರುಗಳನ್ನೂ ಕೊರೆದು ಒಳಹೊಕ್ಕು, 3ರಿಂದ 7 ದಿನಗಳವರೆಗೆ ಅಲ್ಲಿಯೇ ತಿಂದು ಬೆಳೆಯುತ್ತದೆ. ಬಳಿಕ ಮೀನನ್ನು ಬಿಟ್ಟು ತಳಕ್ಕೆ ಇಳಿದು, ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು, ಅದರೊಳಗೆ ಮತ್ತೆ ಮತ್ತೆ ಒಡೆದು ಬಹುಸಂಖ್ಯೆಯ ಮರಿಗಳಾಗುತ್ತದೆ. ಕೋಶ ಬಿರಿದಾಗ ಹೊರಬರುವ ಈ ಮರಿಗಳು ಒಂದೆರಡು ದಿನಗಳೊಳಗೆ ಮೀನನ್ನು ಸೇರಬೇಕು; ಇಲ್ಲವಾದರೆ ಸಾಯುತ್ತವೆ.

ವಿಶಾಲವಾದ ಸಮುದ್ರದಲ್ಲಿ ಈ ಮರಿಗಳಲ್ಲಿ ಬಹುಪಾಲು ಮೀನನ್ನು ಕಾಣದೆಯೇ ನಾಶವಾಗುತ್ತವೆ. ಆದುದರಿಂದ ಅಲ್ಲಿ ರೋಗ ಮಿತಿಮೀರುವುದು ಅಪರೂಪ. ತೊಟ್ಟಿಯ ಸ್ಥಿತಿ ಬೇರೆ. ಒಂದು ಕೋಶದಿಂದ 200 ಮರಿಗಳು ಹೊರಟು, ಅವುಗಳಲ್ಲಿ ನೂರಕ್ಕೆ 5 ಮಾತ್ರ ಮೀನನ್ನು ಸೇರಿದವೆಂದು ಭಾವಿಸೋಣ. ಆಗ ಒಂದು 10 ಆಗುತ್ತದೆ, ಹತ್ತು 100 ಆಗುತ್ತದೆ, ಮೂರನೆಯ ತಲೆಮಾರಿಗೆ 1,000 ಆಗುತ್ತದೆ. ಮೊದಲ ದಿನ ಹೊಸ ಮೀನಿನ ಮೈಮೇಲೆ ಏನೂ ಕಾಣದಿರಬಹುದು. ಕಣ್ಣಿಗೆ ಚುಕ್ಕೆಗಳು ಕಂಡು, ಮೀನು ಏದುಸಿರು ಬಿಡುವ ವೇಳೆಗೆ ತೊಟ್ಟಿಯ ಎಲ್ಲ ಮೀನುಗಳಿಗೂ ರೋಗ ತಗುಲಿರುತ್ತದೆ.

ಪ್ರತ್ಯೇಕ ತೊಟ್ಟಿ ಈ ಗುಣಾಕಾರವನ್ನು ಹಳೆಯ ಮೀನುಗಳವರೆಗೆ ಬರಲು ಬಿಡುವುದಿಲ್ಲ. ಅಷ್ಟೇ ಅಲ್ಲ, ಜೀವಚಕ್ರದ ದಿನಗಳು ತಿಳಿದಿರುವುದರಿಂದ ಔಷಧಿಯಿಲ್ಲದೆಯೇ ರೋಗವನ್ನು ಕಳೆಯಬಹುದು. ತಳಕ್ಕಿಳಿದ ಕೋಶ ಸಾಮಾನ್ಯವಾಗಿ 3 ದಿನಗಳಿಗೆ ಮೊದಲು ಬಿರಿಯುವುದಿಲ್ಲ. ಆದುದರಿಂದ ಮೂರು ಮೂರು ದಿನಗಳಿಗೊಮ್ಮೆ, ಒಟ್ಟು ನಾಲ್ಕು ಬಾರಿ, ಮೀನನ್ನು ತೊಳೆದು ಒಣಗಿಸಿದ ಇನ್ನೊಂದು ತೊಟ್ಟಿಗೆ ವರ್ಗಾಯಿಸಿದರೆ, ಮೀನಿನಿಂದ ಇಳಿದ ಜೀವಿಗಳು ಹಿಂದಿನ ತೊಟ್ಟಿಯಲ್ಲಿಯೇ ಉಳಿದುಬಿಡುತ್ತವೆ. ಆ ತೊಟ್ಟಿಯನ್ನು ಒಣಗಿಸಿದಾಗ ಸಾಯುತ್ತವೆ. ಬೇರೆ ರೋಗಗಳನ್ನು ಗಮನಿಸುವ ಸಲುವಾಗಿ ಮೀನನ್ನು ನಾಲ್ಕರಿಂದ ಆರು ವಾರ ಪ್ರತ್ಯೇಕವಾಗಿಯೇ ಇಡುವುದು ಕ್ಷೇಮ. ಎರಡು ತೊಟ್ಟಿಗಳಿಗೂ ಒಂದೇ ಬಲೆಯನ್ನು ಬಳಸಬಾರದೆಂಬುದನ್ನು ಹೇಳಬೇಕಾಗಿಲ್ಲ.

ಈ ತೊಟ್ಟಿಗೆ ಮರಳಾಗಲಿ ಹವಳದ ಕಲ್ಲಾಗಲಿ ಬೇಡ. ಮೀನು ಅವಿತುಕೊಳ್ಳಲು ಒಂದೆರಡು ಪ್ಲಾಸ್ಟಿಕ್ ಕೊಳವೆಯ ತುಂಡುಗಳು ಸಾಕು. ಏಕೆಂದರೆ ಬಿಳಿಚುಕ್ಕೆಗೆ ಕೊಡುವ ಪ್ರಮುಖ ಔಷಧಿ ತಾಮ್ರ. ಸುಣ್ಣಯುಕ್ತವಾದ ಮರಳು ಅದನ್ನು ಹೀರಿಕೊಂಡು ಪ್ರಮಾಣವನ್ನು ಕೆಡಿಸುತ್ತದೆ. ಮುಖ್ಯ ತೊಟ್ಟಿಯಲ್ಲಿ ಹವಳ, ಸೀಗಡಿಗಳಿದ್ದರೆ ತಾಮ್ರ ಅವುಗಳಿಗೆ ಪ್ರಾಣಾಂತಕ. ಆದುದರಿಂದ ರೋಗಿಯಾದ ಮೀನಿಗೂ ಈ ಪ್ರತ್ಯೇಕ ತೊಟ್ಟಿಯೇ ಆಸ್ಪತ್ರೆ. ಬೇಕಾದ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮಾತ್ರ. ಅಂದರೆ 100 ಲೀಟರಿಗೆ ಹೆಚ್ಚೆಂದರೆ 20 ಮಿಲಿಗ್ರಾಂ. ನಮ್ಮ ರೈತರು ಬಲ್ಲ ಮೈಲುತುತ್ತದಲ್ಲಿ ತಾಮ್ರದ ಪಾಲು ತೂಕದ ಸುಮಾರು ನಾಲ್ಕನೆಯ ಒಂದು ಭಾಗ. ಆ ಲೆಕ್ಕಕ್ಕೆ 80 ಮಿಲಿಗ್ರಾಂ ಮೈಲುತುತ್ತ ಸಾಕಾಗುತ್ತದೆ. ಒಂದು ಚಿಟಿಕೆ ಹಾಕಿದರೂ ಪ್ರಮಾಣ ಹಲವು ಪಟ್ಟು ಮೀರಿ ಮೀನು ಸಾಯುವುದು. ಆದುದರಿಂದ ಮೀನುಗಳಿಗೆಂದೇ ತಯಾರಿಸಿದ ಔಷಧಿಯನ್ನು ಬಳಸಿ, ನೀರಿನ ತಾಮ್ರವನ್ನು ದಿನವೂ ಪರೀಕ್ಷಿಸುವುದೇ ಸರಿಯಾದ ಮಾರ್ಗ.

ಬರಿದಾದ ತೊಟ್ಟಿಗೆ ಒಂದು ಕೊರತೆಯಿದೆ. ಮೀನು ವಿಸರ್ಜಿಸುವ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಅಲ್ಲಿರುವುದಿಲ್ಲ. ಕಡಲನೀರು ಸ್ವಲ್ಪ ಕ್ಷಾರೀಯವಾದುದರಿಂದ ಅದರಲ್ಲಿ ಅಮೋನಿಯದ ವಿಷಭಾಗವೂ ಹೆಚ್ಚು. ಇದಕ್ಕೆ ಉಪಾಯವೆಂದರೆ, ಒಂದು ಸ್ಪಂಜಿನ ಶೋಧಕವನ್ನು ರೋಗವಿಲ್ಲದ ಮುಖ್ಯ ತೊಟ್ಟಿಯಲ್ಲಿ ಕೆಲವು ವಾರ ಮೊದಲೇ ಇಟ್ಟು, ಬ್ಯಾಕ್ಟೀರಿಯ ನೆಲೆಸಿದ ಮೇಲೆ ಪ್ರತ್ಯೇಕ ತೊಟ್ಟಿಗೆ ತರುವುದು.

ನಮ್ಮ ಸೀಮೆಯ ಬೇಸಿಗೆ ಇನ್ನೆರಡು ತೊಡಕುಗಳನ್ನು ಒಡ್ಡುತ್ತದೆ. ಮೊದಲನೆಯದು ಪ್ರಾಣವಾಯು. 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಕಡಲನೀರು ಸುಮಾರು 6.2 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕಿವಿರು ಕೆಟ್ಟ ಮೀನಿಗೆ ಈ ವ್ಯತ್ಯಾಸ ಅಲ್ಪವಲ್ಲ. ಗಾಳಿಯ ಪಂಪು ಹಗಲಿರುಳೂ ನಡೆಯಬೇಕು. ಎರಡನೆಯದು ಆವಿಯಾಗುವಿಕೆ. ನೀರು ಆವಿಯಾಗಿ ಹೋದರೂ ಉಪ್ಪು ಹೋಗುವುದಿಲ್ಲ. 40 ಲೀಟರಿನಲ್ಲಿ 4 ಲೀಟರು ಆವಿಯಾದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು ಸುಮಾರು 39 ಗ್ರಾಮಿಗೆ ಏರುತ್ತದೆ. ಮೀನಿನ ರಕ್ತದ ಉಪ್ಪು ಕಡಲನೀರಿನ ಉಪ್ಪಿನ ಮೂರನೆಯ ಒಂದು ಭಾಗದಷ್ಟೇ ಇರುವುದರಿಂದ, ಅಭಿಸರಣದ ನಿಯಮದಂತೆ ಅದರ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಉಪ್ಪು ಏರಿದಂತೆ ಆ ಸೋರಿಕೆಯೂ ಏರುತ್ತದೆ. ಆದುದರಿಂದ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ದಿನವೂ ಆ ಗೆರೆಯವರೆಗೆ ಉಪ್ಪಿಲ್ಲದ ನೀರನ್ನು ತುಂಬಬೇಕು. ಇದಕ್ಕೆ ಕೊಳವೆಬಾವಿಯ ಗಡಸು ನೀರಿಗಿಂತ ಶುದ್ಧ ಕುಡಿಯುವ ನೀರಿನ ಘಟಕದ ನೀರು ಮೇಲು.

ರೋಗ ಮುಖ್ಯ ತೊಟ್ಟಿಯನ್ನು ಆಗಲೇ ಹೊಕ್ಕಿದ್ದರೆ ಏನು ಗತಿ? ಇದಕ್ಕೆ ನಮ್ಮ ಹಿರಿಯರ ಅನುಭವದಲ್ಲಿಯೇ ಒಂದು ಉತ್ತರವಿದೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಆ ಪಿಡುಗಿನ ಕಾಲದಲ್ಲಿ ನಮ್ಮ ನಾಡಿನ ಎಷ್ಟೋ ಊರುಗಳ ಜನರು, ಮನೆಯಲ್ಲಿ ಇಲಿ ಬಿದ್ದೊಡನೆ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ರೋಗ ತಣ್ಣಗಾದ ಮೇಲೆ ಹಿಂತಿರುಗುತ್ತಿದ್ದರು. ಮೀನುಗಳಿಗೂ ಹೀಗೆಯೇ. ಎಲ್ಲ ಮೀನುಗಳನ್ನೂ ಹೊರತೆಗೆದು ಚಿಕಿತ್ಸೆ ಮಾಡುತ್ತಾ, ಮುಖ್ಯ ತೊಟ್ಟಿಯನ್ನು ಮೀನಿಲ್ಲದೆ ಬಿಡಬೇಕು. ಕೋಶಗಳಲ್ಲಿ ಹೆಚ್ಚಿನವು 4 ವಾರಗಳೊಳಗೆ ಬಿರಿದರೂ, 72 ದಿನಗಳವರೆಗೆ ಉಳಿದವೂ ಕಂಡುಬಂದಿವೆ. ಆದುದರಿಂದ ಎಚ್ಚರವುಳ್ಳವರು 76 ದಿನ ಕಾಯುತ್ತಾರೆ. ಹೊರಬಂದ ಮರಿಗಳಿಗೆ ಮೀನೇ ಇಲ್ಲದಿದ್ದರೆ ಅವುಗಳ ವಂಶ ಅಲ್ಲಿಗೇ ನಿಲ್ಲುತ್ತದೆ.

ದಿನಗಳನ್ನು ಎಣಿಸುವ ಈ ಪದ್ಧತಿ ಹಳೆಯದು. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ ನಗರ, ಪ್ಲೇಗಿನ ಸೀಮೆಯಿಂದ ಬಂದವರನ್ನು 30 ದಿನ ಹೊರಗಿಡುವಂತೆ ವಿಧಿಸಿತು. ಮುಂದೆ ಅದು 40 ದಿನವಾಯಿತು. ನಲವತ್ತು ಎಂಬರ್ಥದ ಇಟಲಿಯ ಮಾತಿನಿಂದಲೇ ‘ಕ್ವಾರಂಟೈನ್’ ಎಂಬ ಪದ ಬಂದಿತು. ಅಂದಿನವರಿಗೆ ರೋಗಾಣುಗಳ ಪರಿಚಯವಿರಲಿಲ್ಲ. ಇಂದು ನಾವು ಒಂದೊಂದು ರೋಗಕ್ಕೂ ಅದರ ಜೀವಚಕ್ರವನ್ನು ಅರಿತು ದಿನಗಳನ್ನು ಗೊತ್ತುಮಾಡಬಲ್ಲೆವು. ಭಾರತಕ್ಕೆ ತರುವ ವನ್ನಾಮಿ ತಾಯಿಸೀಗಡಿಗಳಿಗಾಗಿಯೇ 2009ರಲ್ಲಿ ಚೆನ್ನೈಯ ನೀಲಾಂಕರೈಯಲ್ಲಿ ಒಂದು ಪ್ರತ್ಯೇಕವಾಸ ಕೇಂದ್ರ ಆರಂಭವಾಯಿತು.

ಸಿಹಿನೀರಿನ ಮೀನು ಸಾಕುವವರಿಗೂ ಈ ನಿಯಮ ಅನ್ವಯಿಸುತ್ತದೆ. ಮೀನುಗಳ ಹುಣ್ಣುರೋಗ 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ದಕ್ಷಿಣವನ್ನೂ ಮುಟ್ಟಿ, ಕೆರೆ ಹೊಳೆಗಳನ್ನೇ ನಂಬಿದ ಬೆಸ್ತರ ಅನ್ನಕ್ಕೆ ಕಲ್ಲು ಹಾಕಿತು. ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದಲ್ಲಿಯೂ ತುಂಗಭದ್ರೆಯ ಹಿನ್ನೀರಿನಲ್ಲಿಯೂ ನಾವು ಯಾವ ತೊಟ್ಟಿಯ ಮೀನನ್ನೂ ಬಿಡಬಾರದು. ಮನೆಯ ತೊಟ್ಟಿಗಾದರೆ ಪಕ್ಕದಲ್ಲಿ ಇನ್ನೊಂದು ತೊಟ್ಟಿಯನ್ನು ಇಡಬಹುದು. ಜಲಾಶಯದ ಮೀನುಗಳನ್ನೆಲ್ಲ ಹೊರತೆಗೆದು 76 ದಿನ ಕಾಯುವುದು ಯಾರಿಂದಲೂ ಸಾಧ್ಯವಿಲ್ಲ.