ವಿಶ್ವವನ್ನು ಮನೆಮಾತಿಗೆ ತಂದ ಜಯಂತ್ ನಾರ್ಲಿಕರ್

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮಗೆ ಜಯಂತ್ ನಾರ್ಲಿಕರ್ ಅವರ ಹೆಸರು ಅಪರಿಚಿತವಲ್ಲ. ನಮ್ಮ ಮಕ್ಕಳು ಅವರ ಕಥೆಗಳನ್ನು ಮರಾಠಿಯಲ್ಲಿಯೇ ಓದಿ ಬೆಳೆದರು. 2025ರ ಮೇ 20ರಂದು ತಮ್ಮ 86ನೆಯ ವಯಸ್ಸಿನಲ್ಲಿ ಅವರು ಪುಣೆಯಲ್ಲಿ ನಿಧನರಾದರು.

1938ರಲ್ಲಿ ಕೊಲ್ಲಾಪುರದಲ್ಲಿ ಜನಿಸಿದ ಅವರು ಬೆಳೆದದ್ದು ವಾರಾಣಸಿಯಲ್ಲಿ. ತಂದೆ ಅಲ್ಲಿನ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮುಂದೆ ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾದರು. ವಸ್ತುವಿನ ದ್ರವ್ಯರಾಶಿಯು ಅದರ ಸ್ವಂತ ಸೊತ್ತಲ್ಲ, ವಿಶ್ವದ ಉಳಿದೆಲ್ಲ ವಸ್ತುಗಳೊಡನೆ ಅದಕ್ಕಿರುವ ಸಂಬಂಧದಿಂದ ಒದಗಿದ್ದು ಎಂಬ ಸಿದ್ಧಾಂತವನ್ನು ಗುರುಶಿಷ್ಯರಿಬ್ಬರೂ 1964ರಲ್ಲಿ ಮಂಡಿಸಿದರು. ಮರುವರ್ಷವೇ ಪದ್ಮಭೂಷಣ ಬಂದಿತು. ಆಗ ವಯಸ್ಸು ಇನ್ನೂ 26! ಮಹಾಸ್ಫೋಟದಿಂದ ವಿಶ್ವ ಹುಟ್ಟಿತೆಂಬುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಬಹುಪಾಲು ವಿಜ್ಞಾನಿಗಳು ಅವರೊಡನೆ ಇರಲಿಲ್ಲ. ಆದರೂ ಒಂಟಿಯಾಗಿ ನಿಂತು ವಾದಿಸುವ ಆ ಧೈರ್ಯವನ್ನು ನಾವು ಗೌರವಿಸುತ್ತೇವೆ.

1972ರಲ್ಲಿ ಅವರು ಸ್ವದೇಶಕ್ಕೆ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅವರೊಳಗಿನ ಕಥೆಗಾರ ಹೊರಬಂದದ್ದು ಇಲ್ಲಿಯೇ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನಕಥೆಗಳ ಸ್ಪರ್ಧೆ ಏರ್ಪಡಿಸಿತ್ತು. ತಮ್ಮ ಖ್ಯಾತಿ ತೀರ್ಪಿಗೆ ಅಡ್ಡ ಬರಬಾರದೆಂದು, ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರಿನಲ್ಲಿ, ಪತ್ನಿ ಮಂಗಳಾ ಅವರ ಕೈಬರಹದಲ್ಲಿ, ‘ಕೃಷ್ಣವಿವರ’ ಎಂಬ ಕಥೆಯನ್ನು ಕಳುಹಿಸಿದರು. ಮೊದಲ ಬಹುಮಾನ ‘ಜಗತಾಪ’ರಿಗೇ ದೊರೆಯಿತು. ಕಾಲ ಸರಿದು 2014ರಲ್ಲಿ ಮರಾಠಿ ಆತ್ಮಕಥೆಗೆ ಸಾಹಿತ್ಯ ಅಕಾದೆಮಿ ಪ್ರಶಸ್ತಿಯೂ ಬಂದಿತು. ಕೇಂಬ್ರಿಜ್‌ನಲ್ಲಿ ಕಲಿತವರು ಮಾತೃಭಾಷೆಯಲ್ಲಿ ಬರೆಯಲು ಹಿಂಜರಿಯಲಿಲ್ಲ. ಮನೆಯಲ್ಲಿ ಮಕ್ಕಳೊಡನೆ ಕನ್ನಡ ಆಡಲು ಸಂಕೋಚಪಡುವ ನಮ್ಮಲ್ಲಿ ಕೆಲವರು ಇದನ್ನು ಗಮನಿಸಬೇಕು.

1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ‘ಅಯುಕಾ’ ಖಗೋಳ ಸಂಶೋಧನಾ ಕೇಂದ್ರಕ್ಕೆ ಅವರೇ ಮೊದಲ ನಿರ್ದೇಶಕರು. ಅಲ್ಲಿ ಎರಡನೆಯ ಶನಿವಾರಗಳಂದು ಶಾಲಾಮಕ್ಕಳಿಗೆ ಉಪನ್ಯಾಸಗಳು ನಡೆಯತೊಡಗಿದವು. ಹಸ್ತಾಕ್ಷರ ಕೇಳಿ ಬಂದ ಮಕ್ಕಳಿಗೆ ನಾರ್ಲಿಕರ್ ಬರಿಗೈಯಲ್ಲಿ ಸಹಿ ಹಾಕಿಕೊಡುತ್ತಿರಲಿಲ್ಲ; ಅಂಚೆಕಾರ್ಡಿನಲ್ಲಿ ಒಂದು ವಿಜ್ಞಾನದ ಪ್ರಶ್ನೆ ಬರೆದು ಕಳುಹಿಸಿದರೆ, ಉತ್ತರದ ಕೆಳಗೆ ಸಹಿ ದೊರೆಯುತ್ತಿತ್ತು.

ನಮ್ಮ ಕುಟುಂಬಗಳಿಗೆ ಹೆಚ್ಚು ತಾಗುವ ಸಂಗತಿ ಇನ್ನೊಂದಿದೆ. ಜಾತಕ ತೋರಿಸದೆ ನಾವು ಮದುವೆಯ ಮಾತನ್ನೇ ಎತ್ತುವುದಿಲ್ಲವಷ್ಟೆ. 2008ರಲ್ಲಿ ನಾರ್ಲಿಕರ್ ಮತ್ತು ಸಂಗಡಿಗರು ನೂರು ಪ್ರತಿಭಾವಂತ ಮಕ್ಕಳ ಹಾಗೂ ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಸಂಗ್ರಹಿಸಿ ಬೆರೆಸಿದರು. ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಜಾತಕ. ಯಾವುದು ಯಾರದೆಂದು ವಿಂಗಡಿಸಬೇಕು. ಉತ್ತರ ಕಳುಹಿಸಿದವರು 27 ಮಂದಿ. ಸರಿಯಾದ ಉತ್ತರಗಳು ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದ್ದರೂ ಐವತ್ತರ ಆಸುಪಾಸು ಸರಿಯಾಗುತ್ತಿತ್ತೆಂದು ಬ್ಯಾಂಕಿನಲ್ಲಿ ಅಂಕಿಗಳೊಡನೆಯೇ ಬದುಕು ಸವೆಸಿದ ನಮಗೂ ಗೊತ್ತು. ಆದರೂ ಮೊನ್ನೆ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ, ಎಲ್ಲರಿಗೂ ಒಪ್ಪಿಗೆಯಾದ ಸಂಬಂಧವೊಂದು ಗುಣಗಳು ಕೂಡಲಿಲ್ಲವೆಂದು ಮುರಿದುಬಿತ್ತು. ನಾವೂ ಅಲ್ಲಿಯೇ ಕುಳಿತಿದ್ದೆವು, ಏನೂ ಹೇಳಲಿಲ್ಲ.