ಸಂಘದ ಕಾಗದಪತ್ರಗಳೂ ಗಣಕಯಂತ್ರವೂ

ಹೊರನಾಡಿನ ಕನ್ನಡ ಸಂಘಗಳಿಂದ ನಮ್ಮ ಕಾರ್ಯಾಲಯಕ್ಕೆ ಬರುವ ಪ್ರಕಟಣೆಗಳಲ್ಲಿ ಕೆಲವನ್ನು ತೆರೆದು ನೋಡಿದರೆ ಅಲ್ಲಿ ಕನ್ನಡದ ಒಂದಕ್ಷರವೂ ಕಾಣುವುದಿಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಫ್ರೆಂಚರ ಗೆರೆಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು! ಬರೆದವರು ಒಳ್ಳೆಯ ಕನ್ನಡದಲ್ಲಿಯೇ ಬರೆದಿದ್ದಾರೆ. ಅವರ ಯಂತ್ರದಲ್ಲಿ ಅದು ಸೊಗಸಾಗಿಯೇ ಕಾಣಿಸಿದೆ. ವಾರ್ಷಿಕೋತ್ಸವದ ಪ್ರಕಟಣೆಯಾದರೆ ದೂರವಾಣಿಯಲ್ಲಿ ವಿಚಾರಿಸಿ ಸರಿಪಡಿಸಿಕೊಳ್ಳಬಹುದು. ನಿಧನ ವಾರ್ತೆಯಾದರೆ, ಕಳುಹಿಸಿದ ಮನೆಯವರನ್ನು ಮತ್ತೆ ಕರೆದು, ಮೃತರ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿರೆಂದು ಕೇಳುವುದು ಎರಡು ಕಡೆಯವರಿಗೂ ಸಂಕಟದ ಮಾತು.

ಈ ತೊಡಕು ಪ್ರಕಟಣೆಗಳಿಗೆ ಮಾತ್ರ ಸೀಮಿತವಾಗಿದ್ದರೆ ನಾವು ಇಷ್ಟು ವಿಸ್ತಾರವಾಗಿ ಬರೆಯುತ್ತಿರಲಿಲ್ಲ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದನ್ನೇ ನಂಬಿದ್ದ ಸಂಘದ ಕೋಣೆಗಳಲ್ಲಿ ಹಳೆಯ ಯಂತ್ರವನ್ನು ತೆಗೆದು ಹೊಸದನ್ನು ಇಡುವ ಮಾತು ಇಂದಲ್ಲ ನಾಳೆ ಬರಲೇಬೇಕು. ಆ ಹಳೆಯ ಯಂತ್ರದಲ್ಲಿ ಸದಸ್ಯರ ಪಟ್ಟಿಯಿದೆ, ಮಹಾಸಭೆಯ ನಡವಳಿಗಳಿವೆ, ಕಟ್ಟಡ ನಿಧಿಗೆ ಹಣ ಕೊಟ್ಟವರ ಹೆಸರುಗಳಿವೆ. ಹೊಸ ಯಂತ್ರದಲ್ಲಿ ಅವನ್ನು ತೆರೆದಾಗ ಪೌಂಡಿನ ಗುರುತುಗಳೇ ಎದುರಾದರೆ, ಓದಿ ಹೇಳಬಲ್ಲ ಹಿಂದಿನ ಕಾರ್ಯದರ್ಶಿಗಳು ಆ ವೇಳೆಗೆ ಊರಿಗೆ ಮರಳಿರುವುದೂ ಉಂಟು. ಆದುದರಿಂದ ಕಛೇರಿಯ ಗಣಕಯಂತ್ರದಲ್ಲಿ ದಿನವೂ ಮಾಡುವ ಕೆಲವು ಸಣ್ಣ ಕೆಲಸಗಳ ಕ್ರಮವನ್ನು, ಈ ವಿದ್ಯೆಯನ್ನು ಕ್ರಮವಾಗಿ ಕಲಿಯದ ವಾಚಕರಿಗಾಗಿ, ಇಲ್ಲಿ ತಿಳಿಸುತ್ತೇವೆ.

ಅಕ್ಷರಗಳು ಕೆಡುವ ಕಾರಣ ಸರಳವಾದುದು. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಹಿಂದೆ ಯಂತ್ರದಲ್ಲಿದ್ದ ಅಂಕಿಗಳೆಲ್ಲ ಇಂಗ್ಲಿಷ್ ಮೊದಲಾದ ಯೂರೋಪಿನ ಭಾಷೆಗಳ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ, ಬಾಡಿಗೆಗೆ ಇರಬೇಕಾಯಿತು. ಪೌಂಡಿನ ಗುರುತಿನ ಜಾಗದಲ್ಲಿ ‘ನ’ಕಾರದ ಚಿತ್ರವನ್ನೂ, ಸಣ್ಣ ‘ಕ್ಯೂ’ ಇದ್ದ ಜಾಗದಲ್ಲಿ ‘ಡ’ಕಾರದ ಚಿತ್ರವನ್ನೂ ಕೂಡಿಸಿ ಅಕ್ಷರಮಾಲೆಯನ್ನು ತಯಾರಿಸಿದರು. ಆ ಅಕ್ಷರಮಾಲೆ, ಅಂದರೆ ಫಾಂಟ್, ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಮಾಲಿಕರೇ ಕಿಟಕಿಯಿಂದ ಇಣುಕುತ್ತಾರೆ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವೂ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯೂ ಈ ಬಾಡಿಗೆಯ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ. ಅವುಗಳಿಲ್ಲದಿದ್ದರೆ ನಮ್ಮ ಸಂಘಗಳ ಎಷ್ಟೋ ಸ್ಮರಣ ಸಂಚಿಕೆಗಳು ಹೊರಬರುತ್ತಲೇ ಇರಲಿಲ್ಲ. ತಪ್ಪು ಅವುಗಳದಲ್ಲ, ಕಾಲದ್ದು.

ಈಗ ಕನ್ನಡಕ್ಕೆ ಸ್ವಂತ ಮನೆಯಿದೆ. 1991ರಲ್ಲಿ ಮೊದಲು ಪ್ರಕಟವಾದ ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವು. ‘ಕ’ಕಾರದ ಸಂಖ್ಯೆ 3221. ಆ ಸಂಖ್ಯೆಯಲ್ಲಿ ಬೇರಾವ ಅಕ್ಷರವೂ ಇರಲಾರದು. ಈ ಪದ್ಧತಿಯಲ್ಲಿ ಬರೆದ ಪತ್ರವನ್ನು ದೆಹಲಿಯಲ್ಲಿ ತೆರೆದರೂ ಕನ್ನಡವೇ, ಚೆನ್ನೈಯಲ್ಲಿ ತೆರೆದರೂ ಕನ್ನಡವೇ, ಕೈಯಲ್ಲಿರುವ ಮೊಬೈಲಿನಲ್ಲಿಯೂ ಕನ್ನಡವೇ. ಇನ್ನೊಂದು ಲಾಭವುಂಟು: ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರವು ಅ, ಆ, ಇ ಎಂಬ ನಮ್ಮ ಕ್ರಮದಲ್ಲಿಯೇ ಜೋಡಿಸುತ್ತದೆ. ಹಳೆಯ ಪದ್ಧತಿಯಲ್ಲಿ ಅದು ಇಂಗ್ಲಿಷಿನ ಕ್ರಮವನ್ನು ಹಿಡಿದು ಹೆಸರುಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಿತ್ತು.

ತಮ್ಮ ಕಡತವು ಯಾವ ಪದ್ಧತಿಯದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ನಾಲ್ಕು ಸಾಲುಗಳನ್ನು ಆರಿಸಿ, ‘ಕಂಟ್ರೋಲ್’ ಗುಂಡಿಯನ್ನು ಹಿಡಿದು ‘ಸಿ’ ಒತ್ತಿ ನಕಲು ಮಾಡಿಕೊಂಡು, ನೋಟ್‌ಪ್ಯಾಡ್ ಎಂಬ ಬರಿಯ ಹಾಳೆಯಲ್ಲಿ ‘ಕಂಟ್ರೋಲ್’ ಸಹಿತ ‘ವಿ’ ಒತ್ತಿ ಅಂಟಿಸಿರಿ. ಕನ್ನಡವಾಗಿಯೇ ಉಳಿದರೆ ಚಿಂತೆಯಿಲ್ಲ. ರೋಮನ್ ಅಕ್ಷರಗಳಾದರೆ ಅದು ಹಳೆಯದು, ಪರಿವರ್ತಿಸಬೇಕು. ನುಡಿ, ಬರಹಗಳ ಜೊತೆಯಲ್ಲಿಯೇ ಪರಿವರ್ತಕಗಳು ದೊರೆಯುತ್ತವೆ. ಕೆಲಸ ಕೆಲವು ನಿಮಿಷಗಳದು.

ಆದರೆ ಪರಿವರ್ತಕವನ್ನು ಕಣ್ಣು ಮುಚ್ಚಿ ನಂಬಬಾರದು. ಎರಡು ಕಡೆ ಅದು ಎಡವುವುದನ್ನು ನಾವು ಪದೇ ಪದೇ ಕಂಡಿದ್ದೇವೆ. ಮೊದಲನೆಯದು ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರವಾದ ಮೇಲೆ ಬರೆಯುತ್ತಿದ್ದರು. ಯುನಿಕೋಡಿನಲ್ಲಿ ರೇಫವು ಉಚ್ಚಾರದಂತೆ ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ‘ಕಾರ್ಯದರ್ಶಿ’, ‘ವಾರ್ಷಿಕ’, ‘ಕರ್ನಾಟಕ’ ಮೊದಲಾದ ಶಬ್ದಗಳು ಒಮ್ಮೊಮ್ಮೆ ಕೆಡುತ್ತವೆ. ಎರಡನೆಯದು, ಕನ್ನಡದ ನಡುವೆ ಇಂಗ್ಲಿಷಿನಲ್ಲಿಯೇ ಬರೆದ ಮಾತುಗಳು. ಅವೂ ಕನ್ನಡವೇ ಇರಬೇಕೆಂದು ಭಾವಿಸಿ ಪರಿವರ್ತಕವು ಈಮೇಲ್ ವಿಳಾಸವನ್ನು ಯಾವ ನಿಘಂಟಿನಲ್ಲಿಯೂ ಸಿಗದ ಕನ್ನಡವಾಗಿ ಮಾರ್ಪಡಿಸಿಬಿಡುತ್ತದೆ. ಹೀಗಾಗಿ ಮೂಲ ಕಡತವನ್ನು ಅಳಿಸದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಸರುಗಳನ್ನೂ ಮೊತ್ತಗಳನ್ನೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡತಕ್ಕದ್ದು.

ಇನ್ನು ಕೀಲಿಮಣೆಯ ವಿಚಾರ. ವಿಂಡೋಸಿನ ‘ಸೆಟ್ಟಿಂಗ್ಸ್’ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಎಂಬಲ್ಲಿಗೆ ಹೋಗಿ ಭಾಷೆಗಳ ಸಾಲಿಗೆ ಕನ್ನಡವನ್ನು ಸೇರಿಸಿದರೆ ಸಾಕು, ಹಣ ಕೊಟ್ಟು ಏನನ್ನೂ ತರಬೇಕಿಲ್ಲ. ಅನಂತರ ವಿಂಡೋಸ್ ಗುರುತಿರುವ ಗುಂಡಿಯನ್ನು ಹಿಡಿದು ಪದಗಳ ನಡುವೆ ಎಡೆ ಬಿಡುವ ಉದ್ದನೆಯ ಪಟ್ಟಿಯನ್ನು ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಕೀಲಿಮಣೆ ಬದಲಾಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡ ಪಡೆಯುವ ಧ್ವನ್ಯಾತ್ಮಕ ವಿನ್ಯಾಸವು 2019ರಿಂದ ವಿಂಡೋಸಿನಲ್ಲಿಯೇ ಇದೆ. ನುಡಿಗೆ ಆಧಾರವಾದ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಒಗ್ಗಿದ ಕೈಗಳು ಅದನ್ನು ಬಿಡಬೇಕಾಗಿಲ್ಲ. ಈಗಿನ ನುಡಿಯಲ್ಲಿಯೂ ಬರಹದಲ್ಲಿಯೂ ಯುನಿಕೋಡಿನಲ್ಲಿ ಬರೆಯುವ ಸೌಕರ್ಯವಿದೆ. ಅದನ್ನು ಆರಿಸಿಕೊಂಡರಾಯಿತು.

ಹೊಸದಾಗಿ ಕಲಿಯುವ ಹೊರನಾಡ ಕನ್ನಡಿಗರಿಗೆ ಮಾತ್ರ ನಾವು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನೇ ಶಿಫಾರಸು ಮಾಡುತ್ತೇವೆ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಮಾನಕವಾಗಿ ಗೊತ್ತುಪಡಿಸಿದ ಈ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ‘ಡಿ’ ಗುಂಡಿಯು ಅರ್ಧಾಕ್ಷರದ ಗುರುತು, ಒತ್ತಕ್ಷರ ಬರುವುದು ಅದರಿಂದಲೇ. ಕೆ, ವಿ, ಡಿ, ವಿ, ಅನಂತರ ‘ಪಿ’ಯ ಬಲಕ್ಕಿರುವ ಚೌಕ ಆವರಣದ ಗುಂಡಿ: ಐದು ಒತ್ತುಗಳಲ್ಲಿ ‘ಕನ್ನಡ’ ಸಿದ್ಧ. ನಮಗೆ ಮುಖ್ಯವಾದ ಗುಣ ಬೇರೆ. ಭಾರತೀಯ ಲಿಪಿಗಳಿಗೆಲ್ಲ ಇದರ ಚೌಕಟ್ಟು ಒಂದೇ. ಕನ್ನಡದಲ್ಲಿ ‘ಕ’ ಕೊಡುವ ಗುಂಡಿಯೇ ಮರಾಠಿಯಲ್ಲಿಯೂ ‘ಕ’ ಕೊಡುತ್ತದೆ, ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಅದೇ. ಕನ್ನಡಕ್ಕಾಗಿ ಬೆರಳುಗಳನ್ನು ಪಳಗಿಸಿದವರು ಮುಂಬಯಿ, ಪುಣೆಗಳಲ್ಲಿ ನಗರಪಾಲಿಕೆಗೆ ಮರಾಠಿ ಅರ್ಜಿಯನ್ನೂ, ಹೈದರಾಬಾದಿನಲ್ಲಿ ತೆಲುಗು ಪತ್ರವನ್ನೂ ಅದೇ ಬೆರಳುಗಳಿಂದ ಬರೆಯಬಲ್ಲರು. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆಯೆಂದು ಬಾಳುವ ನಮಗೆ ಇದಕ್ಕಿಂತ ಹೊಂದುವ ಏರ್ಪಾಡು ಇನ್ನಾವುದಿದೆ? ಮೊದಲ ಹತ್ತು ಹದಿನೈದು ದಿನ ಬೇಸರವಾಗುವುದು ನಿಜ. ದಿನಕ್ಕೊಂದು ಪುಟ ಬರೆದರೆ ಬೆರಳು ತಾನಾಗಿ ದಾರಿ ಹಿಡಿಯುತ್ತದೆ.

ಬರೆದಾದ ಮೇಲೆ ಪತ್ರಿಕೆಗೆ ಕಳುಹಿಸುವವರಲ್ಲಿ ಒಂದು ವಿನಂತಿ. ಪರದೆಯ ಛಾಯಾಚಿತ್ರ ತೆಗೆದು ಕಳುಹಿಸಬೇಡಿರಿ. ಅದನ್ನು ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಬೇಕಾಗುತ್ತದೆ, ಮಾಡುವಾಗ ಹೆಸರುಗಳಲ್ಲಿ ತಪ್ಪು ನುಸುಳುತ್ತದೆ. ತಿದ್ದಲು ಬರುವ ಮೂಲ ಬರಹವೂ, ಪುಟದ ರೂಪ ಕೆಡದ ಪಿಡಿಎಫ್ ಪ್ರತಿಯೂ ಎರಡೂ ಇರಲಿ. ಪಿಡಿಎಫ್ ಮಾಡಲು ‘ಕಂಟ್ರೋಲ್’ ಸಹಿತ ‘ಪಿ’ ಒತ್ತಿ, ಮುದ್ರಣ ಯಂತ್ರಗಳ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬುದನ್ನು ಆರಿಸಿದರೆ, ಕಾಗದದ ಬದಲು ಫೈಲು ಹೊರಬರುತ್ತದೆ.

ಫೈಲಿನ ಹೆಸರಿನ ಬಗ್ಗೆಯೂ ಒಂದು ಮಾತು. ‘ಅಂತಿಮ’, ‘ಅಂತಿಮ 2’, ‘ನಿಜವಾಗಿಯೂ ಅಂತಿಮ’ ಎಂಬ ಹೆಸರುಗಳು ನಗೆ ಬರಿಸುತ್ತವೆ, ಕೆಲಸಕ್ಕೆ ಬರುವುದಿಲ್ಲ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕಡೆಗೆ ವಿಷಯ: ‘2026-01-26 ಧ್ವಜಾರೋಹಣ ವರದಿ’ ಎಂಬಂತೆ. ಯಂತ್ರವು ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ಅದು ತಾನಾಗಿಯೇ ಕಾಲಕ್ರಮವಾಗಿರುತ್ತದೆ. ಹೆಸರು ಬದಲಿಸಲು ಫೈಲನ್ನು ಆರಿಸಿ ‘ಎಫ್ 2’ ಒತ್ತಿದರೆ ಸಾಕು.

ಸಂಘದ ಕೋಶಾಧಿಕಾರಿಗಳು ಎಕ್ಸೆಲ್ ಹಾಳೆಯನ್ನು ಬಳಸುವಾಗ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅಲ್ಲಿ ಯಂತ್ರವು ಸದ್ದಿಲ್ಲದೆ ತಪ್ಪು ಮಾಡುತ್ತದೆ. ಮುಂಬಯಿಯ ದೂರವಾಣಿ ಸಂಕೇತ 022 ಎಂದು ಬರೆದರೆ, ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ತೆಗೆದುಹಾಕಿ 22 ಎಂದು ಇಟ್ಟುಕೊಳ್ಳುತ್ತದೆ. ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಅದು ನೆನಪಿಡಬಲ್ಲದು. 16 ಅಂಕಿಗಳ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಬಡ ವಿದ್ಯಾರ್ಥಿಗೆ ಕಳುಹಿಸಬೇಕಾದ ಸಹಾಯಧನವು ಇದರಿಂದ ನಿಂತುಹೋಗಬಹುದು. ಪರಿಹಾರವಿಷ್ಟೆ: ಅಂಕಿಗಳನ್ನು ತುಂಬುವ ಮೊದಲೇ ಆ ಕಂಬಸಾಲನ್ನು ಆರಿಸಿ, ‘ಫಾರ್ಮ್ಯಾಟ್ ಸೆಲ್ಸ್’ನಲ್ಲಿ ‘ಟೆಕ್ಸ್ಟ್’ ಎಂದು ಗೊತ್ತುಮಾಡಿರಿ. ತುಂಬಿದ ಮೇಲೆ ಮಾಡಿದರೆ ಹೋದ ಅಂಕಿ ಮರಳಿ ಬರುವುದಿಲ್ಲ.

ಇದಕ್ಕಿಂತ ದೊಡ್ಡ ಅನರ್ಥ ಜೋಡಣೆಯಲ್ಲಿದೆ. ದಾನಿಗಳ ಹೆಸರಿರುವ ಕಂಬಸಾಲೊಂದನ್ನೇ ಆರಿಸಿ ಅಕಾರಾದಿಯಾಗಿ ಜೋಡಿಸಹೊರಟರೆ, ‘ಪಕ್ಕದ ಸಾಲುಗಳನ್ನೂ ಸೇರಿಸಲೆ?’ ಎಂಬ ಅರ್ಥದ ಪ್ರಶ್ನೆಯೊಂದನ್ನು ಎಕ್ಸೆಲ್ ಕೇಳುತ್ತದೆ. ಅವಸರದಲ್ಲಿ ಬೇಡವೆಂದು ಒತ್ತಿದರೆ ಹೆಸರುಗಳು ಸ್ಥಾನ ಬದಲಿಸುತ್ತವೆ, ಹಣದ ಮೊತ್ತಗಳು ಇದ್ದಲ್ಲಿಯೇ ಇರುತ್ತವೆ. ಹೋಟೆಲಿನ ದುಡಿಮೆಯಿಂದ ಉಳಿಸಿ ಐದು ಸಾವಿರ ಕೊಟ್ಟವನ ಹೆಸರಿನ ಮುಂದೆ ಐನೂರು, ಐನೂರು ಕೊಟ್ಟವರ ಮುಂದೆ ಐವತ್ತು ಸಾವಿರ! ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ಇರುವುದರಿಂದ ಲೆಕ್ಕ ತಪಾಸಣೆಯಲ್ಲಿಯೂ ಇದು ಸುಲಭವಾಗಿ ಸಿಕ್ಕಿಬೀಳದು. ಪಟ್ಟಿ ಅಚ್ಚಾಗಿ ಸಭೆಯಲ್ಲಿ ಹಂಚಿದ ಮೇಲೆ ತಿಳಿಯುತ್ತದೆ. ಆ ಪ್ರಶ್ನೆಗೆ ‘ಎಕ್ಸ್‌ಪ್ಯಾಂಡ್ ದಿ ಸೆಲೆಕ್ಷನ್’ ಎಂಬುದೇ ಉತ್ತರವಾಗಿರಬೇಕು. ತಪ್ಪಿದ್ದು ಆ ಕ್ಷಣವೇ ಕಂಡರೆ ‘ಕಂಟ್ರೋಲ್’ ಸಹಿತ ‘ಜೆಡ್’ ಒತ್ತಿ ಹಿಂದಿನ ಸ್ಥಿತಿಗೆ ತರಬಹುದು. ಪ್ರತಿ ಹೆಸರಿಗೂ ರಶೀದಿ ಸಂಖ್ಯೆಯನ್ನು ಪಕ್ಕದಲ್ಲಿಟ್ಟಿದ್ದರೆ, ತಡವಾಗಿ ಕಂಡರೂ ರಶೀದಿ ಪುಸ್ತಕದೊಡನೆ ತಾಳೆ ನೋಡಿ ಸರಿಪಡಿಸಲು ದಾರಿಯಿರುತ್ತದೆ.

ಮಹಾಸಭೆಯ ಆಮಂತ್ರಣವನ್ನು ಈಮೇಲಿನಲ್ಲಿ ಕಳುಹಿಸುವಾಗ ಎಲ್ಲ ಸದಸ್ಯರ ವಿಳಾಸಗಳನ್ನೂ ‘ಟು’ ಎಂಬಲ್ಲಿ ಬರೆಯುವ ರೂಢಿ ಕೆಲವೆಡೆ ಇದೆ. ಅದರಿಂದ ಪ್ರತಿಯೊಬ್ಬರ ವಿಳಾಸವೂ ಪ್ರತಿಯೊಬ್ಬರ ಕೈಸೇರುತ್ತದೆ. ಒಬ್ಬರು ಉತ್ತರಿಸಿದರೆ ಮುನ್ನೂರು ಮಂದಿಗೆ ಆ ಉತ್ತರ ಹೋಗಬಹುದು. ತಮ್ಮ ವಿಳಾಸವನ್ನು ‘ಟು’ ಎಂಬಲ್ಲಿಯೂ, ಮಿಕ್ಕವರದನ್ನು ‘ಬಿಸಿಸಿ’ ಎಂಬಲ್ಲಿಯೂ ಹಾಕತಕ್ಕದ್ದು. ಬೆರಳಚ್ಚಿನ ದಿನಗಳಲ್ಲಿ ಕಾರ್ಬನ್ ಹಾಳೆಯಿಟ್ಟು ಪ್ರತಿ ತೆಗೆಯುತ್ತಿದ್ದ ಹಿರಿಯರಿಗೆ ಈ ‘ಸಿಸಿ’ ಎಂಬುದು ಆ ಕಾರ್ಬನ್ ಪ್ರತಿಯೇ ಎಂದರೆ ಒಡನೆ ಹೊಳೆದೀತು. ‘ಬಿಸಿಸಿ’ಯು ಇತರರ ಕಣ್ಣಿಗೆ ಬೀಳದ ಕಾರ್ಬನ್ ಪ್ರತಿ.

ಪೆನ್‌ಡ್ರೈವಿನಲ್ಲಿರುವ ಫೈಲನ್ನು ಅಳಿಸಿದರೆ ಅದು ಸಾಮಾನ್ಯವಾಗಿ ಯಂತ್ರದ ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ಮಾಯವಾಗುತ್ತದೆ. ಬುಟ್ಟಿಯಿಂದ ಎತ್ತಿಕೊಳ್ಳಬಹುದೆಂಬ ಧೈರ್ಯ ಅಲ್ಲಿ ಸಲ್ಲದು. ಆದುದರಿಂದ ಸಂಘದ ದಾಖಲೆಗಳ ಒಂದು ಪ್ರತಿ ಯಂತ್ರದಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ, ಮತ್ತೊಂದು ಪದಾಧಿಕಾರಿಯೊಬ್ಬರ ಮನೆಯಲ್ಲಿ ಇರಲಿ. ಹಳೆಯ ಯಂತ್ರವನ್ನು ಗುಜರಿಯವನಿಗೆ ಕೊಡುವ ಮೊದಲು ಸದಸ್ಯರ ಪಟ್ಟಿ, ದಾನಿಗಳ ಪಟ್ಟಿ, ಮಹಾಸಭೆಯ ನಡವಳಿ ಈ ಮೂರನ್ನು ಯುನಿಕೋಡಿಗೆ ತಂದು, ಹಳೆಯ ಅಕ್ಷರಮಾಲೆ ಇಲ್ಲದ ಬೇರೊಂದು ಯಂತ್ರದಲ್ಲಿ ತೆರೆದು, ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಓದಿ ನೋಡಿರಿ. ಅಲ್ಲಿ ಕನ್ನಡ ಕಂಡ ಮೇಲೆ ಗುಜರಿಯವನನ್ನು ಕರೆಯಬಹುದು.