ಮಗುವನ್ನು ಬೇರೆಯವರ ಕೈಗೆ ಒಪ್ಪಿಸಿದ ಮೊದಲ ದಿನ

ಮಳೆಗಾಲ ಮುಗಿದು ರಬ್ಬರ್ ಟ್ಯಾಪಿಂಗ್ ಜೋರಾಗಿದ್ದ ಸಮಯ. ಒಂದು ಆದಿತ್ಯವಾರ ಎರಡನೇ ಪೂಜೆ ಮುಗಿಸಿ ನಾವು ಹೊರಗೆ ಬಂದಾಗ ಎಳೆಯ ದಂಪತಿ ಜಗಲಿಯಲ್ಲಿ ಕಾದು ನಿಂತಿದ್ದರು. ಹೆಂಡತಿಯ ಕಣ್ಣು ಅತ್ತು ಕೆಂಪಾಗಿತ್ತು. ಹೆಗಲ ಮೇಲೆ ಏಳು ತಿಂಗಳ ಹೆಣ್ಣುಮಗು ನಿದ್ದೆ ಹೋಗಿತ್ತು. "ಫಾದರ್, ನಾನು ಕೆಲಸ ಬಿಡುತ್ತೇನೆ" ಎಂಬುದೇ ಆಕೆ ಆಡಿದ ಮೊದಲ ಮಾತು.

ಗಂಡನಿಗೆ ಸ್ವಲ್ಪ ಅಡಿಕೆ, ಮುನ್ನೂರರಷ್ಟು ರಬ್ಬರ್ ಮರ. ಹೆಂಡತಿ ಸಣ್ಣ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಅಡಿಕೆಗೆ ಹಳದಿ ರೋಗ ತಗಲಿದ ಮೇಲೆ ಆ ಮನೆಯಲ್ಲಿ ತಿಂಗಳ ಕೊನೆಗೆ ನಂಬುವ ಹಣವೆಂದರೆ ಆಕೆಯ ಸಂಬಳ. ಅತ್ತೆಗೆ ಮೊಣಕಾಲು ಗಂಟುನೋವು, ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಲಾರರು. ಹೆರಿಗೆ ರಜೆ ಮುಗಿದಾಗ ಮಗುವನ್ನು ಯಾರ ಬಳಿ ಬಿಡುವುದೆಂದು ಅವರು ನಮ್ಮನ್ನು ಕೇಳಿದ್ದರು. ಎರಡು ಗದ್ದೆ ಆಚೆಗಿನ ಒಬ್ಬ ಹೆಂಗಸಿನ ಹೆಸರನ್ನು ಸೂಚಿಸಿದವರು ನಾವೇ. ಪ್ರಾಮಾಣಿಕ ಹೆಂಗಸು, ಐದು ಮಕ್ಕಳನ್ನು ಸಾಕಿ ದಡ ಸೇರಿಸಿದವರು. ಇದಕ್ಕಿಂತ ಹೆಚ್ಚು ಏನು ಬೇಕು ಎಂದುಕೊಂಡಿದ್ದೆವು. ಆದ್ದರಿಂದ ಈ ಕಥೆಯಲ್ಲಿ ತಪ್ಪಿನ ಒಂದು ಪಾಲು ನಮ್ಮದೂ ಹೌದು.

ಮೊದಲ ದಿನ ಸಂಜೆ ಐದೂವರೆಗೆ ತಾಯಿ ಹೋದಾಗ ಮಗುವಿನ ಸ್ವರ ಬಿದ್ದುಹೋಗಿತ್ತು, ಬಟ್ಟೆ ಒದ್ದೆಯಾಗಿತ್ತು. ಹಿಂಡಿಟ್ಟ ಎದೆಹಾಲು "ಒಡೆದಿದೆ" ಎಂದು ಚೆಲ್ಲಲಾಗಿತ್ತು. ಅದರ ಬದಲಿಗೆ ಸಕ್ಕರೆ ನೀರು, ಚಹಾದಲ್ಲಿ ಅದ್ದಿದ ಬಿಸ್ಕೆಟು. ಮಧ್ಯಾಹ್ನದ ಮೇಲೆ ಮೂಗು ಸುರಿಯುತ್ತದೆಂದು ಮೊಮ್ಮಗನಿಗೆ ತಂದು ಉಳಿದಿದ್ದ ಶೀತದ ಸಿರಪ್ಪು ಒಂದು ಚಮಚ. ಅನಂತರ ಮಗು "ಚೆನ್ನಾಗಿ ಮಲಗಿತು". ತಾಯಿ ಮಗುವನ್ನೆತ್ತಿಕೊಂಡು ನೇರ ಡಾಕ್ಟರರಲ್ಲಿಗೆ ಹೋದರು. ದೇವರ ದಯೆ, ಅಪಾಯವಾಗಲಿಲ್ಲ.

ಮರುದಿನ ನಾವು ಆ ಹೆಂಗಸಿನ ಮನೆಗೂ ಹೋದೆವು. ಅವರೂ ಅತ್ತರು. ಬೆಳಿಗ್ಗೆ ಮೂರು ಗಂಟೆ ಕಾಲ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಿದ್ದರಂತೆ, ಮಧ್ಯಾಹ್ನ ಉಂಡಿರಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಎರಡೂ ಕಡೆಯ ಮಾತು ಕೇಳಿದ ಮೇಲೆ ನಮಗನಿಸಿದ್ದು ಇಷ್ಟು: ಆ ದಿನ ನಡೆದದ್ದರಲ್ಲಿ ಕೆಲವು ಸಂಗತಿಗಳು ಯಾರ ತಪ್ಪೂ ಅಲ್ಲ, ಕೆಲವು ಒಂದು ಮಾತು ಹೇಳಿದ್ದರೆ ತಪ್ಪುತ್ತಿದ್ದವು, ಇನ್ನು ಕೆಲವು ಯಾವ ಕಾರಣಕ್ಕೂ ಕ್ಷಮಿಸಿ ಬಿಡುವಂಥವಲ್ಲ. ಬೇಸರಗೊಂಡ ತಾಯಿಗೆ ಇವೆಲ್ಲ ಒಂದೇ ಗಂಟಾಗಿ ಕಾಣುತ್ತವೆ. ಗಂಟನ್ನು ಬಿಚ್ಚಿ ನೋಡೋಣ.

ಮೊದಲನೆಯದಾಗಿ ಅಳು. ಮೂರು ತಿಂಗಳ ಮಗು ಯಾರು ಎತ್ತಿಕೊಂಡರೂ ನಗುತ್ತದೆ. ಆರರಿಂದ ಎಂಟು ತಿಂಗಳ ಹೊತ್ತಿಗೆ ಅದರ ಬುದ್ಧಿ ಒಂದು ಮೆಟ್ಟಿಲು ಮೇಲೇರುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂದು ತಿಳಿಯುತ್ತದೆ. ಆದರೆ ಎಲ್ಲಿ, ಯಾವಾಗ ಬರುತ್ತಾಳೆ ಎಂಬುದು ಮಾತ್ರ ತಿಳಿಯದು. ಅದಕ್ಕೇ ಆ ಅಳು. ಇದು ಒಂದು ವರ್ಷ ದಾಟುವ ತನಕ ಹೆಚ್ಚಾಗುತ್ತಲೂ ಇರಬಹುದು. ಕರುವನ್ನು ಬೇರೆ ಹಟ್ಟಿಯಲ್ಲಿ ಕಟ್ಟಿದ ಮೊದಲ ರಾತ್ರಿ ಊರಿಗೆಲ್ಲ ನಿದ್ದೆ ಇರುವುದಿಲ್ಲ. ಹಾಗೆಂದು ಹಟ್ಟಿ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ನಮ್ಮ ಈ ತಾಯಿಯ 26 ವಾರಗಳ ರಜೆ ಮುಗಿದದ್ದೂ ಮಗುವಿಗೆ ಈ ಪ್ರಾಯ ಬಂದದ್ದೂ ಒಟ್ಟೊಟ್ಟಿಗೆ. ಹೊಸ ಮುಖ, ಹೊಸ ಮನೆ, ಎಂಟೂವರೆಯಿಂದ ಐದೂವರೆ. ಅದೂ ಮೊದಲ ದಿನವೇ! ದೊಡ್ಡವರಾದ ನಾವೇ ಹೊಸ ಊರಿಗೆ ವರ್ಗವಾದರೆ ವಾರದ ತನಕ ಅನ್ನ ರುಚಿಸುವುದಿಲ್ಲ.

ತಾಯಿ ಮಗುವಿನ ಸಂಬಂಧವನ್ನು ಆಳವಾಗಿ ಅಭ್ಯಾಸ ಮಾಡಿದ ಇಂಗ್ಲೆಂಡಿನ ಡಾಕ್ಟರ್ ಜಾನ್ ಬೌಲ್ಬಿ ಅವರನ್ನು ಬಾಲ್ಯದಲ್ಲಿ ಹೆಚ್ಚಾಗಿ ನೋಡಿಕೊಂಡದ್ದು ತಾಯಿಯಲ್ಲ, ಮನೆಯ ಆಯಾ. ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಆಕೆ ಕೆಲಸ ಬಿಟ್ಟುಹೋದಾಗ ಹೆತ್ತ ತಾಯಿಯನ್ನು ಕಳೆದುಕೊಂಡಷ್ಟೇ ದುಃಖವಾಯಿತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಅಂದರೆ ಮಗು ಇನ್ನೊಬ್ಬರನ್ನೂ ಹೃದಯಪೂರ್ವಕ ಹಚ್ಚಿಕೊಳ್ಳಬಲ್ಲದು. ಆದರೆ ಆ ಇನ್ನೊಬ್ಬರು ತಿಂಗಳಿಗೊಬ್ಬರಂತೆ ಬದಲಾಗಬಾರದು. ಮೊದಲ ದಿನದ ಅಳುವಿಗೆ ಹೆದರಿ ಮನೆಯಿಂದ ಮನೆಗೆ ಮಗುವನ್ನು ಬದಲಾಯಿಸುವವರು ಇದನ್ನು ಯೋಚಿಸಬೇಕು.

ಕೆಲಸಕ್ಕೆ ಸೇರುವ ಎರಡು ವಾರ ಮೊದಲೇ ಅಭ್ಯಾಸ ಶುರುಮಾಡಬೇಕಿತ್ತು. ಮೊದಲ ಎರಡು ಮೂರು ದಿನ ತಾಯಿಯೂ ಆ ಮನೆಯಲ್ಲೇ ಕುಳಿತು ಮಾತಾಡುತ್ತಿದ್ದರೆ, ಅಮ್ಮ ನಂಬಿದ ಹೆಂಗಸನ್ನು ಮಗುವೂ ನಂಬುತ್ತದೆ. ಆಮೇಲೆ ಅರ್ಧ ಗಂಟೆ ಬಿಟ್ಟು ಬರುವುದು, ಆಮೇಲೆ ಎರಡು ಗಂಟೆ. ಹೊರಡುವಾಗ ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಹೋಗುವ ಕ್ರಮ ನಮ್ಮಲ್ಲಿ ಬಹಳ. ಅದು ಬೇಡ. ಮುಖ ತೋರಿಸಿ, ಮುತ್ತಿಟ್ಟು, ಹೇಳಿಯೇ ಹೋಗಿ. ಆಗ ಸ್ವಲ್ಪ ಹೆಚ್ಚು ಅತ್ತರೂ, ಅಮ್ಮ ಯಾವ ಕ್ಷಣದಲ್ಲೂ ಮಾಯವಾಗಿಬಿಡುತ್ತಾಳೆ ಎಂಬ ಹೆದರಿಕೆ ಮಗುವಿನಲ್ಲಿ ಬೇರೂರುವುದಿಲ್ಲ.

ಇನ್ನು ಆ "ಒಡೆದ" ಹಾಲು. ಹಿಂಡಿಟ್ಟ ಎದೆಹಾಲು ಸ್ವಲ್ಪ ಹೊತ್ತಿನಲ್ಲಿ ಎರಡು ಪದರವಾಗುತ್ತದೆ. ಕೆನೆ ಮೇಲೆ ತೇಲಿ ಕೆಳಗೆ ತೆಳು ನೀಲಿ ಛಾಯೆಯ ನೀರಿನಂತೆ ಕಾಣುತ್ತದೆ. ಮೆಲ್ಲನೆ ಅಲುಗಿಸಿದರೆ ಮತ್ತೆ ಬೆರೆಯುತ್ತದೆ. ದಿನಾ ಹಸುವಿನ ಹಾಲು ಕಾಯಿಸುವ ಹೆಂಗಸಿಗೆ ಇದು ಹೇಗೆ ಗೊತ್ತಾಗಬೇಕು? ತಾಯಿ ಹೇಳಿರಲಿಲ್ಲ. ಆದರೆ ಇನ್ನೊಂದು ಲೆಕ್ಕದಲ್ಲಿ ಆಕೆ ಚೆಲ್ಲಿದ್ದೇ ಒಳ್ಳೆಯದಾಯಿತು. ಬೆಳಿಗ್ಗೆ ಏಳಕ್ಕೆ ಹಿಂಡಿದ ಹಾಲು ಅಡುಗೆಮನೆಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಇತ್ತು. ಎದೆಹಾಲನ್ನು ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಕೊಡಬೇಕು, ನಮ್ಮ ಕಾಸರಗೋಡಿನ ಸೆಖೆಯಲ್ಲಿ ಅದಕ್ಕೂ ಮೊದಲೇ ಕೊಟ್ಟರೆ ಒಳಿತು. ಫ್ರಿಡ್ಜಿನ ಒಳಮೂಲೆಯಲ್ಲಿ, ಬಾಗಿಲಲ್ಲಿ ಅಲ್ಲ, ಇಟ್ಟರೆ ಒಂದು ದಿನಕ್ಕೆ ಚಿಂತೆಯಿಲ್ಲ. ಕೊಡುವಾಗ ಒಲೆಯ ಮೇಲಿಟ್ಟು ಕುದಿಸಬಾರದು. ಬಿಸಿ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಸಾಕು. ಮಗು ಕುಡಿದು ಮಿಕ್ಕಿದ್ದನ್ನು ಸಂಜೆಗೆಂದು ಎತ್ತಿಡಬಾರದು.

ಬಾಟಲಿಯ ವಿಷಯ ಬೇರೆ ಇದೆ. ಎದೆ ಚೀಪಿ ಬೆಳೆದ ಮಗು ಏಕಾಏಕಿ ರಬ್ಬರ್ ನಿಪ್ಪಲ್ಲನ್ನು ಉಗುಳುವುದು ಸಹಜ. ಅದನ್ನು ತೊಳೆಯುವುದೂ ಕಷ್ಟ. ಮೂಲೆಯಲ್ಲಿ ಅಂಟಿದ ಹಾಲಿನಿಂದಲೇ ಭೇದಿ. ಹಾಲಿನ ಬಾಟಲಿಯ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಅಜ್ಜಿಯಂದಿರ ಒಳಲೆ ಇದೆಯಲ್ಲ, ಅಥವಾ ಸಣ್ಣ ಸ್ಟೀಲಿನ ಲೋಟ ಚಮಚ, ಅದೇ ಉತ್ತಮ. ಕುದಿಸಿ ತೆಗೆಯುವುದೂ ಸುಲಭ. ಆರು ತಿಂಗಳು ದಾಟಿದ ಮಗುವಿಗೆ ಹಗಲಲ್ಲಿ ರಾಗಿ ಮಣ್ಣಿ, ನುಣ್ಣಗೆ ಹಿಸುಕಿದ ಅನ್ನ ಬೇಳೆ, ಬಾಳೆಹಣ್ಣು, ಕುಟುಂಬಶ್ರೀ ಘಟಕಗಳು ತಯಾರಿಸಿ ಅಂಗನವಾಡಿಯಲ್ಲಿ ಸಿಗುವ ಅಮೃತಂ ಪುಡಿ, ಹೀಗೆ ಏನು, ಎಷ್ಟು ಗಂಟೆಗೆ ಎಂಬುದನ್ನು ತಾಯಿಯೇ ಬರೆದುಕೊಡಬೇಕು. ಹಗಲು ಹಾಲು ಬೇಡವೆಂದ ಮಗು ರಾತ್ರಿ ಎರಡು ಸಲ ಹೆಚ್ಚು ಎದ್ದು ಕುಡಿದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಮೂತ್ರ ಸರಿಯಾಗಿ ಹೋಗುತ್ತಿದ್ದರೆ, ತೂಕ ಏರುತ್ತಿದ್ದರೆ ಹೆದರಬೇಕಾಗಿಲ್ಲ. ಚಹಾ ಮಾತ್ರ ಬೇಡವೇ ಬೇಡ, ಅದು ಆಹಾರದ ಕಬ್ಬಿಣದ ಅಂಶವನ್ನು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಒಂದು ವರ್ಷದೊಳಗೆ ಜೇನೂ ಬೇಡ.

ಸಿರಪ್ಪಿನ ಸಂಗತಿಗೆ ಬರೋಣ. ಇದು ಕ್ಷಮಿಸಿ ಬಿಡುವಂಥದ್ದಲ್ಲ ಎಂದವರು ನಾವು, ಆದರೂ ಆ ಹೆಂಗಸು ಕೆಟ್ಟ ಬುದ್ಧಿಯಿಂದ ಕೊಟ್ಟದ್ದಲ್ಲ. ಅತ್ತು ಅತ್ತು ಮೂಗು ಸುರಿದದ್ದನ್ನು ಶೀತವೆಂದು ತಿಳಿದರು. ಶೀತದ ಬಹಳಷ್ಟು ಸಿರಪ್ಪುಗಳಲ್ಲಿ ನಿದ್ದೆ ಬರಿಸುವ ಅಂಶವಿರುತ್ತದೆ. ಶಿಶುಗಳಲ್ಲಿ ಅದು ಉಸಿರಾಟವನ್ನೇ ನಿಧಾನ ಮಾಡಬಲ್ಲದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧಿಯ ಮೇಲೆ "ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು" ಎಂಬ ಎಚ್ಚರಿಕೆ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚನೆ ಹೊರಡಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಕಡೆ ಕೆಮ್ಮಿನ ಸಿರಪ್ಪಿನಲ್ಲಿ ವಿಷದ್ರವ್ಯ ಬೆರೆತು ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳು ತೀರಿಕೊಂಡದ್ದು ಎಲ್ಲರಿಗೂ ನೆನಪಿರಬೇಕು. ಡಾಕ್ಟರರು ಈ ಮಗುವಿಗೆಂದು ಬರೆದ ಔಷಧಿ, ತಾಯಿ ಅಳೆದು ಕೊಟ್ಟ ಪ್ರಮಾಣ. ಬೇರೆ ಒಂದು ಹನಿಯೂ ಸಲ್ಲದು. ಮಗುವನ್ನು ಒಪ್ಪಿಸುವಾಗ ಈ ಮಾತನ್ನು ಸಂಕೋಚ ಬಿಟ್ಟು ಹೇಳಿ. ಸಂಜೆ ಮಗು ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ ಬೆಳಗಾಗಲೆಂದು ಕಾಯಬೇಡಿ.

ಆ ಮನೆಯಲ್ಲಿ ನಮ್ಮ ಎದೆ ನಡುಗಿಸಿದ್ದು ಇನ್ನೊಂದು ನೋಟ. ಜಗಲಿಯ ಕೆಳಗೆ ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ನೀರಿನ ಹಾಗೆ ತಿಳಿಯಾಗಿದ್ದ ದ್ರವ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್! ನಮ್ಮ ಭಾಗದ ಎಷ್ಟು ಮನೆಗಳಲ್ಲಿ ಇದು ಹೀಗೆಯೇ ಇದೆಯೋ! ಒಂದು ಗುಟುಕು ಸಾಕು ಅನ್ನನಾಳ ಸುಟ್ಟುಹೋಗಲು. ಹಾಗೇನಾದರೂ ಆದರೆ ವಾಂತಿ ಮಾಡಿಸಬಾರದು. ಬಾಯಿ ಒರೆಸಿ, ಬಾಟಲಿಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು. ಮಗು ಏಳು ತಿಂಗಳಲ್ಲಿ ಕುಳಿತಲ್ಲೇ ಇರಬಹುದು, ಒಂಬತ್ತಕ್ಕೆ ಅಂಬೆಗಾಲಿಟ್ಟು ಅಂಗಳ ಸೇರುತ್ತದೆ. ಅಲ್ಲಿ ಒಣಹಾಕಿದ ಅಡಿಕೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಬೋರ್ಡೋ ದ್ರಾವಣದ ಡ್ರಮ್ಮು, ಮೈಲುತುತ್ತಿನ ತೊಟ್ಟೆ, ಕಟ್ಟೆಯಿಲ್ಲದ ಬಾವಿ ಇವನ್ನೂ ನೋಡಬೇಕು. ತುಂಬಿದ ಬಕೆಟಿನಲ್ಲಿ ತಲೆಕೆಳಗಾಗಿ ಬಿದ್ದ ಮಗು ಕೂಗಲೂ ಆಗದೆ ಮುಳುಗುತ್ತದೆ. ಮಗುವನ್ನು ಬಿಡುವ ಮನೆಯನ್ನು ನಿಂತು ನೋಡಿದರೆ ಸಾಲದು, ನೆಲದ ಮೇಲೆ ಕುಳಿತು ಮಗುವಿನ ಕಣ್ಣಿನ ಮಟ್ಟದಿಂದ ನೋಡಬೇಕು. ನಾವು ಐದು ಮಕ್ಕಳ ಲೆಕ್ಕ ಹಾಕಿ ಹೆಸರು ಹೇಳಿದ್ದೆವೇ ಹೊರತು ಇದನ್ನು ನೋಡಿರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಗಂಡ ಕೇಳಿದ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದೂ ಆಯಿತು. ಆರು ಜನರ ಸಂಘದಲ್ಲಿ ದುಡಿಯುವ ಈಕೆಗೆ ಅದರಿಂದ ಏನು ಬಂತು? ಸಂಘದವರು ರಜೆ ಕೊಟ್ಟದ್ದೇ ಅವರ ದೊಡ್ಡತನ. ಅಂಗನವಾಡಿಯ ಜೊತೆಗೇ ಆರು ತಿಂಗಳು ದಾಟಿದ ಮಕ್ಕಳನ್ನು ನೋಡಿಕೊಳ್ಳುವ 'ಪಾಲ್ನಾ' ಯೋಜನೆಯನ್ನು ಕೇಂದ್ರ ಸರಕಾರ 2022ರಲ್ಲಿ ತಂದಿತು. ನಿಮ್ಮ ಹತ್ತಿರದಲ್ಲಿ ಅಂಥದ್ದಿದೆಯೇ ಎಂದು ಅಂಗನವಾಡಿ ಟೀಚರರನ್ನು ವಿಚಾರಿಸಿ. ಇಲ್ಲವಾದರೆ ಬೇಕೆಂದು ಪಂಚಾಯತಿಗೆ ಬರೆದು ಕೊಡಿ. ಕೇಳದೆ ಕೂತರೆ ಯಾರೂ ತಂದು ಕೊಡುವುದಿಲ್ಲ.

ಮಾತಾಡುತ್ತಾ ಒಂದು ವಿಷಯ ತಾನಾಗಿ ಹೊರಬಿತ್ತು. ಟ್ಯಾಪಿಂಗಿಗೆ ಬೆಳಗ್ಗೆ ಐದಕ್ಕೆ ಹೋಗುವ ಗಂಡ ಶೀಟು ಒತ್ತಿ ಸ್ನಾನ ಮಾಡಿ ಕೂರುವಾಗ ಗಂಟೆ ಹನ್ನೆರಡು. ಆಮೇಲೆ ನಾಲ್ಕರ ತನಕ ಆತ ಮನೆಯಲ್ಲೇ. ಇಷ್ಟು ದಿನ ಈ ಲೆಕ್ಕವನ್ನು ಯಾರೂ ಹಾಕಿರಲಿಲ್ಲ: ಆತನೂ ಹಾಕಿರಲಿಲ್ಲ, ಹೆಂಡತಿಯೂ ಹಾಕಿರಲಿಲ್ಲ, ಸಲಹೆ ಕೊಡಲು ಹೋದ ನಾವೂ ಹಾಕಿರಲಿಲ್ಲ. "ಮಗುವಿನ ಬಟ್ಟೆ ಬದಲಿಸಲು ನನಗೆ ಬರುವುದಿಲ್ಲ ಫಾದರ್" ಎಂದ. ಮುನ್ನೂರು ಮರದ ತೊಗಟೆಯನ್ನು ಗಾಯವಾಗದಂತೆ ಕೆತ್ತುವ ಕೈಗೆ ಅದೇನು ಕಷ್ಟ ಎಂದೆವು. ಅಜ್ಜಿ ಪಕ್ಕದಲ್ಲಿ ಕುಳಿತು ಹೇಳಿಕೊಡಬಹುದಲ್ಲ.

ಈಗ ಮಗು ಅದೇ ಹೆಂಗಸಿನ ಬಳಿ ಎಂಟೂವರೆಯಿಂದ ಹನ್ನೆರಡೂವರೆ ತನಕ ಇರುತ್ತದೆ. ಕೂಲಿ ಇಷ್ಟೆಂದು, ರಜೆಯ ದಿನಗಳು ಇಂಥವೆಂದು ಮೊದಲೇ ಮಾತಾಗಿದೆ. "ಏನಾದರೂ ಕೊಡಿ" ಎಂಬ ದಾಕ್ಷಿಣ್ಯದಲ್ಲಿ ಮುಂದೆ ಮನಸ್ತಾಪ ಬರುವುದು ಬೇಡವೆಂದು. ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ, ಊಟದ ಗಂಟೆ, ಇಬ್ಬರ ಫೋನ್ ನಂಬರು, ಡಾಕ್ಟರರದ್ದು. ಆಸಿಡ್ ಬಾಟಲಿ ರಬ್ಬರ್ ಶೆಡ್ಡಿನ ಬೀಗದೊಳಗೆ ಹೋಗಿದೆ. ಮೊದಲ ವಾರ ಮಗು ದಿನಾ ಅತ್ತಿತು, ಎರಡನೇ ವಾರ ಬಿಡುವಾಗ ಮಾತ್ರ. ಮೊನ್ನೆ ನಾವು ಆ ದಾರಿಯಾಗಿ ಹೋಗುವಾಗ ಅಂಗಳದಲ್ಲಿ ಆ ಹೆಂಗಸಿನ ಸೊಂಟದ ಮೇಲೆ ಕುಳಿತು ಕೋಳಿ ನೋಡುತ್ತಿತ್ತು. ನಮ್ಮ ಬಿಳಿ ನಿಲುವಂಗಿ ಕಂಡದ್ದೇ ತಡ, ಮುಖವನ್ನು ಆಕೆಯ ಹೆಗಲಲ್ಲಿ ಹುದುಗಿಸಿ ಅಳಲು ಶುರುಮಾಡಿತು.